ಎಂಜಿನ್ ಬದಲಾದರೆ ಸಾಕೆ? ಡೀಸೆಲ್ ಕಸಿಯ ಚರಿತ್ರೆಯಲ್ಲಿ ಕ್ಲಚ್ಚು ಮತ್ತು ಗೇರು

ಅಂಗಾಂಗ ಕಸಿಯ ಬಗ್ಗೆ ನೀವು ಓದಿರುತ್ತೀರಿ. ದಾನಿಯ ಮೂತ್ರಪಿಂಡವನ್ನು ರೋಗಿಯ ದೇಹದೊಳಗೆ ಜೋಡಿಸಿದ ಮಾತ್ರಕ್ಕೆ ವೈದ್ಯರ ಕೆಲಸ ಮುಗಿಯುವುದಿಲ್ಲ. ಹೊಸ ಅಂಗವನ್ನು ದೇಹ ಒಪ್ಪಿಕೊಳ್ಳಬೇಕು. ವಾಹನಗಳ ಲೋಕದಲ್ಲಿಯೂ ಇಂಥದೊಂದು ಕಸಿ ಇದೆ. ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಅದರ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸುವುದು. ಇಲ್ಲಿಯೂ ಅದೇ ಪ್ರಶ್ನೆ ಏಳುತ್ತದೆ: ಹೊಸ ಎಂಜಿನ್ನನ್ನು ಹಳೆಯ ಕ್ಲಚ್ಚು, ಹಳೆಯ ಗೇರುಪೆಟ್ಟಿಗೆ, ಹಳೆಯ ಆಕ್ಸಲ್ ಒಪ್ಪಿಕೊಳ್ಳುತ್ತವೆಯೆ? ಈ ಪ್ರಶ್ನೆಗೆ ಸುಮಾರು ತೊಂಬತ್ತೈದು ವರ್ಷಗಳ ಚರಿತ್ರೆಯಿದೆ. ಅದನ್ನು ಬಿಡಿಸಲು ಬೇಕಾದ ವಿಜ್ಞಾನವಾದರೋ ನಿಮ್ಮ ಪ್ರೌಢಶಾಲೆ, ಪಿಯುಸಿ ಪಠ್ಯಗಳಲ್ಲಿಯೇ ಇದೆ.

ಕಾರಿನೊಳಗೆ ದೋಣಿಯ ಎಂಜಿನ್

ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಪಟ್ಟಣದಲ್ಲಿ ಕ್ಲೆಸ್ಸಿ ಕಮಿನ್ಸ್ ಎಂಬ ಮೆಕ್ಯಾನಿಕ್ 1919ರಲ್ಲಿ ಡೀಸೆಲ್ ಎಂಜಿನ್ ತಯಾರಿಸುವ ಕಂಪನಿಯೊಂದನ್ನು ತೆರೆದ. ಅದಕ್ಕೆ ಹಣ ಹೂಡಿದವನು ಡಬ್ಲ್ಯು. ಜಿ. ಅರ್ವಿನ್ ಎಂಬ ಬ್ಯಾಂಕರ್. ಕಮಿನ್ಸ್ ಹಿಂದೆ ಅವನ ಕಾರು ಚಾಲಕನಾಗಿದ್ದವನು. ಹತ್ತು ವರ್ಷ ಕಳೆದರೂ ಕಂಪನಿ ಲಾಭ ಕಾಣಲಿಲ್ಲ. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿದಾಗ ಬಾಗಿಲು ಮುಚ್ಚುವ ಸ್ಥಿತಿ ಬಂತು.

ಆಗ ಕಮಿನ್ಸ್ ಬಳಸಿದ ಪ್ಯಾಕರ್ಡ್ ಕಾರೊಂದನ್ನು ಕೊಂಡು, ದೋಣಿಗಳಿಗೆಂದು ಮಾಡಿದ ತನ್ನ ಡೀಸೆಲ್ ಎಂಜಿನ್ನನ್ನು ಅದರೊಳಗೆ ತುರುಕಿದ. 1929ರ ಕ್ರಿಸ್‌ಮಸ್ ದಿನ ಅರ್ವಿನ್‌ನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದ. 1930ರ ಜನವರಿಯಲ್ಲಿ ಅದೇ ಕಾರಿನಲ್ಲಿ ನ್ಯೂಯಾರ್ಕ್ ವಾಹನ ಪ್ರದರ್ಶನಕ್ಕೆ ಹೊರಟ. ಸುಮಾರು 800 ಮೈಲಿಗಳ ದಾರಿಗೆ ತಗಲಿದ ಇಂಧನದ ಖರ್ಚು 1 ಡಾಲರ್ 38 ಸೆಂಟ್! 1931ರಲ್ಲಿ ಅವನ ಡೀಸೆಲ್ ಕಾರು ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯವನ್ನು ಒಮ್ಮೆಯೂ ನಿಲ್ಲದೆ ಓಡಿ ಮುಗಿಸಿ ಹದಿಮೂರನೆಯ ಸ್ಥಾನ ಪಡೆಯಿತು. ಉಳಿದ ಕಾರುಗಳು ಇದಕ್ಕಿಂತ ವೇಗವಾಗಿದ್ದರೂ ಇಂಧನಕ್ಕಾಗಿ ನಿಲ್ಲಬೇಕಾಗಿತ್ತು.

ಡೀಸೆಲ್ಲಿನ ಮಿತವ್ಯಯ ಹೀಗೆ ಲೋಕಕ್ಕೆ ಗೊತ್ತಾಯಿತು. ಆದರೆ ಹಣ ಉಳಿಯುತ್ತದೆಂದು ಎಂಜಿನ್ ಬದಲಿಸಲು ಹೊರಟವರಿಗೆ ಎದುರಾದ ತೊಡಕು ಬೇರೆಯೇ ಆಗಿತ್ತು.

ಅಶ್ವಶಕ್ತಿ ಹೇಳದ ಸಂಗತಿ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೈದನೆಯ, ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡವನ್ನು ತಾಳಲು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ದಂಡ ಎಲ್ಲವೂ ದಪ್ಪವಾಗಿರಬೇಕು. ಭಾರವಾದ ಭಾಗಗಳನ್ನು ಬಹಳ ವೇಗವಾಗಿ ಮೇಲೆ ಕೆಳಗೆ ಆಡಿಸಲಾಗದು, ಏಕೆಂದರೆ ಜಡತ್ವದ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಜೊತೆಗೆ, ಸಿಂಪಡಿಸಿದ ಇಂಧನ ಗಾಳಿಯೊಡನೆ ಬೆರೆತು ಉರಿಯಲು ಸ್ವಲ್ಪ ಸಮಯವೂ ಬೇಕು. ಆದ್ದರಿಂದ ಡೀಸೆಲ್ ಎಂಜಿನ್ನಿನ ಸ್ವಭಾವ ನಿಧಾನವಾಗಿ, ಆದರೆ ಬಲವಾಗಿ ತಿರುಗುವುದು.

ಸಾಮರ್ಥ್ಯ ಎಂದರೆ ಟಾರ್ಕ್ ಮತ್ತು ತಿರುಗುವ ವೇಗದ ಗುಣಲಬ್ಧ. ವೇಗ ಅರ್ಧವಾಗಿಯೂ ಸಾಮರ್ಥ್ಯ ಅಷ್ಟೇ ಇರಬೇಕಾದರೆ ಟಾರ್ಕ್ ಎರಡರಷ್ಟಾಗಬೇಕು. ಕ್ಲಚ್ಚಿಗೂ ಗೇರಿನ ಹಲ್ಲಿಗೂ ತಗಲುವ ಹೊರೆಯನ್ನು ನಿರ್ಧರಿಸುವುದು ಈ ಟಾರ್ಕ್. ಎಂಜಿನ್ನಿನ ಫಲಕದಲ್ಲಿ ಬರೆದ ಅಶ್ವಶಕ್ತಿಯನ್ನಷ್ಟೇ ನೋಡಿದರೆ ಅದು ಕಾಣುವುದಿಲ್ಲ.

1930ರ ದಶಕದ ಮೂರು ದಾರಿಗಳು

ಈ ತೊಡಕಿಗೆ ಬ್ರಿಟನ್ನಿನಲ್ಲಿ ಮೂರು ಬಗೆಯ ಉತ್ತರಗಳು ಹುಟ್ಟಿದವು.

ಮೊದಲನೆಯದು ಗಾರ್ಡ್‌ನರ್ ಕಂಪನಿಯದು. 1930ರಲ್ಲಿ ಅದರ ಎಲ್2 ಎಂಜಿನ್ನನ್ನು ಲ್ಯಾನ್ಸಿಯಾ ಬಸ್ಸೊಂದಕ್ಕೆ ಕಸಿ ಮಾಡಲಾಯಿತು. ಪ್ರಯೋಗ ಗೆದ್ದದ್ದರಿಂದ ಕಂಪನಿ ರಸ್ತೆ ವಾಹನಗಳಿಗೆಂದೇ ಎಲ್‌ಡಬ್ಲ್ಯು ಸರಣಿಯನ್ನು ತಂದಿತು. ಅದರ ಆರು ಸಿಲಿಂಡರಿನ ಎಂಜಿನ್ 8.4 ಲೀಟರಿನದು, ನಿಮಿಷಕ್ಕೆ ಕೇವಲ 1,700 ಸುತ್ತುಗಳಲ್ಲಿ 102 ಅಶ್ವಶಕ್ತಿ. ಲೆಕ್ಕ ಹಾಕಿ ನೋಡಿ, ಆ ವೇಗದಲ್ಲಿ ಟಾರ್ಕ್ 425 ನ್ಯೂಟನ್-ಮೀಟರನ್ನು ಮೀರುತ್ತದೆ. ಇಂಥ ಎಂಜಿನ್ ಕೊಂಡ ಲಾರಿ ತಯಾರಕರು ಅದಕ್ಕೆ ತಕ್ಕ ಗೇರುಪೆಟ್ಟಿಗೆ, ಆಕ್ಸಲ್ಲುಗಳನ್ನು ಆರಿಸಿಕೊಂಡು ಅದರ ಸುತ್ತ ಲಾರಿಯನ್ನೇ ಕಟ್ಟಿದರು.

ಎರಡನೆಯದು ಪರ್ಕಿನ್ಸ್ ದಾರಿ. ಪೀಟರ್‌ಬರೊ ಪಟ್ಟಣದಲ್ಲಿ 1932ರಲ್ಲಿ ಫ್ರ್ಯಾಂಕ್ ಪರ್ಕಿನ್ಸ್ ಮತ್ತು ಚಾರ್ಲ್ಸ್ ಚಾಪ್‌ಮನ್ ಆರಂಭಿಸಿದ ಕಂಪನಿಯ ಗುರಿ ಹಗುರವಾದ, ವೇಗವಾಗಿ ತಿರುಗುವ ಡೀಸೆಲ್. ಎಂಜಿನ್ನನ್ನೇ ಪೆಟ್ರೋಲ್ ವಾಹನದ ವೇಗದ ಸಮೀಪಕ್ಕೆ ತಂದರೆ ಹಳೆಯ ಗೇರುಗಳು ನಡೆಯುತ್ತವೆ ಎಂಬುದು ಇದರ ತರ್ಕ. 1930ರ ದಶಕದ ಕೊನೆಯಲ್ಲಿ ಬಂದ ಪಿ6 ಎಂಬ 4.73 ಲೀಟರಿನ ಎಂಜಿನ್ ಪೆಟ್ರೋಲ್ ಲಾರಿಗಳನ್ನು ಡೀಸೆಲ್ಲಿಗೆ ಪರಿವರ್ತಿಸುವವರ ಅಚ್ಚುಮೆಚ್ಚಿನದಾಯಿತು.

ಮೂರನೆಯದು ಕ್ಲಚ್ಚನ್ನೇ ಬದಲಿಸುವ ದಾರಿ. ಡೈಮ್ಲರ್ ಕಂಪನಿ 1930ರಲ್ಲಿ ದ್ರವ ಫ್ಲೈವೀಲನ್ನು ತಂದಿತು. ಜರ್ಮನಿಯ ಹರ್ಮನ್ ಫೊಟಿಂಗರ್ ಹಡಗುಗಳಿಗಾಗಿ ರೂಪಿಸಿದ ತತ್ವವೇ ಇದರ ಮೂಲ. ಎದುರುಬದುರಾದ ಎರಡು ಬಟ್ಟಲುಗಳ ನಡುವೆ ಎಣ್ಣೆ. ಒಂದು ಬಟ್ಟಲು ತಿರುಗಿ ಎಣ್ಣೆಯನ್ನು ಎರಚಿದರೆ ಇನ್ನೊಂದು ಅದರ ಹೊಡೆತಕ್ಕೆ ತಿರುಗುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಆದ್ದರಿಂದ ಸವೆತವಿಲ್ಲ, ಡೀಸೆಲ್ಲಿನ ಗುದ್ದು ಗೇರಿಗೆ ತಟ್ಟುವುದೂ ಇಲ್ಲ. 1939ರಿಂದ ಲಂಡನ್ನಿನಲ್ಲಿ ಓಡಿದ 9.6 ಲೀಟರ್ ಡೀಸೆಲ್ಲಿನ ಆರ್‌ಟಿ ಬಸ್ಸುಗಳಲ್ಲಿ ಈ ವ್ಯವಸ್ಥೆಯಿತ್ತು.

ಭಾರತಕ್ಕೆ ಬಂದದ್ದು ಮುಖ್ಯವಾಗಿ ಎರಡನೆಯ ದಾರಿ. ಮದರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಲ್ಲಿ ಪರ್ಕಿನ್ಸ್ ಎಂಜಿನ್‌ಗಳನ್ನು ತಯಾರಿಸತೊಡಗಿತು. 1980ರ ಸುಮಾರಿಗೆ ಬಂದ ಡೀಸೆಲ್ ಅಂಬಾಸಡರ್ ಕಾರಿನದೂ ಇದೇ ಜಾಡು. ಅದರ 1,489 ಘನ ಸೆಂಟಿಮೀಟರ್ ಎಂಜಿನ್ ಪೆಟ್ರೋಲ್ ಎಂಜಿನ್ನಿನ ಕುಟುಂಬದ್ದೇ, ಗಾತ್ರವೂ ಅಷ್ಟೇ. ಅದರ ಟಾರ್ಕ್ ಕ್ಲಚ್ಚನ್ನು ಹೆದರಿಸುವಂತಿರಲಿಲ್ಲ. ಕಾರು ನಿಧಾನವಾಯಿತು, ಅಷ್ಟೆ. ಅದಕ್ಕೆ ತೃಪ್ತರಾಗದ ಟ್ಯಾಕ್ಸಿ ಮಾಲೀಕರು ಮೆಟಡಾರ್ ವ್ಯಾನಿನ ಎಂಜಿನ್ನನ್ನು ಅಂಬಾಸಡರ್‌ಗೆ ಕೂರಿಸುತ್ತಿದ್ದುದನ್ನು ನಿಮ್ಮ ಹಿರಿಯರು ನೋಡಿರಬಹುದು.

ಒಂದು ಜೀಪಿನ ಲೆಕ್ಕ

ಪೇಟೆಯಲ್ಲಿ ಸಿಕ್ಕಿದ ಎಂಜಿನ್ನನ್ನು ಮನೆಯ ಹಳೆಯ ವಾಹನಕ್ಕೆ ಕೂರಿಸುವವನಿಗೆ ಈ ಮೂರು ದಾರಿಗಳೂ ಸಿಗುವುದಿಲ್ಲ. ಅವನು ಒಂದೊಂದೇ ಭಾಗವನ್ನು ಲೆಕ್ಕ ಹಾಕಿ ಆರಿಸಬೇಕು. ಅಮೆರಿಕದಲ್ಲಿ ಪ್ರಸಿದ್ಧವಾದ ಒಂದು ಕಸಿಯನ್ನೇ ನೋಡೋಣ. 1980ರ ದಶಕದಲ್ಲಿ ಕಮಿನ್ಸ್ ಕಂಪನಿ ತಂದ 4ಬಿಟಿ ಎಂಬ ನಾಲ್ಕು ಸಿಲಿಂಡರಿನ 3.9 ಲೀಟರ್ ಎಂಜಿನ್, ಬ್ರೆಡ್ಡು, ಕುರುಕುಲು ತಿಂಡಿ ಹಂಚುವ ವ್ಯಾನುಗಳಲ್ಲಿ ಓಡುತ್ತಿತ್ತು. ವ್ಯಾನು ಗುಜರಿಗೆ ಹೋದ ಮೇಲೆ ಎಂಜಿನ್ ಜೀಪುಗಳಿಗೆ ಬಂತು. ಹಳೆಯ ವಿಲೀಸ್ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನೊಡನೆ ಅದನ್ನು ಹೋಲಿಸಿ:

ಹರಿಕೇನ್: ನಿಮಿಷಕ್ಕೆ 4,000 ಸುತ್ತಿನಲ್ಲಿ 72 ಅಶ್ವಶಕ್ತಿ, 2,000 ಸುತ್ತಿನಲ್ಲಿ ಸುಮಾರು 155 ನ್ಯೂಟನ್-ಮೀಟರ್ ಟಾರ್ಕ್.
4ಬಿಟಿ: ನಿಮಿಷಕ್ಕೆ 2,300 ಸುತ್ತಿನಲ್ಲಿ 105 ಅಶ್ವಶಕ್ತಿ, 1,600 ಸುತ್ತಿನಲ್ಲಿ ಸುಮಾರು 359 ನ್ಯೂಟನ್-ಮೀಟರ್ ಟಾರ್ಕ್.

ಅಶ್ವಶಕ್ತಿ ಏರಿದ್ದು ಒಂದೂವರೆಯಷ್ಟು. ಟಾರ್ಕ್ ಏರಿದ್ದು 2.3ರಷ್ಟು. ಮೊದಲ ಸಂಖ್ಯೆಯನ್ನು ನಂಬಿ ಭಾಗಗಳನ್ನು ಆರಿಸಿದವನು ಕೆಡುವುದು ಇಲ್ಲಿಯೇ.

ಕ್ಲಚ್ಚು: ಒಣ ಕ್ಲಚ್ಚು ಹೊರಬಲ್ಲ ಟಾರ್ಕ್ ನಾಲ್ಕು ಅಂಶಗಳ ಗುಣಲಬ್ಧ: ಉಜ್ಜುವ ಮುಖಗಳ ಸಂಖ್ಯೆ, ಘರ್ಷಣೆಯ ಗುಣಾಂಕ, ಸ್ಪ್ರಿಂಗ್ ಒತ್ತುವ ಬಲ ಮತ್ತು ಸರಾಸರಿ ತ್ರಿಜ್ಯ. ಉದಾಹರಣೆಗೆ ಹೊರವ್ಯಾಸ 240, ಒಳವ್ಯಾಸ 160 ಮಿಲಿಮೀಟರ್ ಇರುವ ಒಂದು ಕ್ಲಚ್ ಪ್ಲೇಟ್ ತೆಗೆದುಕೊಳ್ಳಿ. ಸರಾಸರಿ ತ್ರಿಜ್ಯ 0.1 ಮೀಟರ್. ಗುಣಾಂಕ 0.3, ಬಲ 4,000 ನ್ಯೂಟನ್, ಮುಖಗಳು 2 ಎಂದಿಟ್ಟುಕೊಂಡರೆ ಸಿಗುವುದು 240 ನ್ಯೂಟನ್-ಮೀಟರ್. ಹರಿಕೇನಿಗೆ ಇದು ಧಾರಾಳ. 4ಬಿಟಿಯ 359ರ ಮುಂದೆ ಇದು ಜಾರುತ್ತದೆ.

ಜಾರಿದರೇನು ಎನ್ನುತ್ತೀರಾ? 240 ನ್ಯೂಟನ್-ಮೀಟರ್ ಟಾರ್ಕಿನಲ್ಲಿ ನಿಮಿಷಕ್ಕೆ 500 ಸುತ್ತು ಜಾರಿದರೆ ಹುಟ್ಟುವ ಶಾಖ ಸುಮಾರು 12.5 ಕಿಲೋವಾಟ್. ಒಂದು ಕಿಲೋವಾಟಿನ ಹನ್ನೆರಡು ವಿದ್ಯುತ್ ಒಲೆಗಳನ್ನು ಆ ಪುಟ್ಟ ಹೌಸಿಂಗ್‌ನೊಳಗೆ ಹೊತ್ತಿಸಿದಂತೆ! ಘಟ್ಟ ಹತ್ತುವಾಗ ಕ್ಲಚ್ಚು ಸುಟ್ಟರೆ ಗಾಡಿ ಅಲ್ಲೇ ನಿಲ್ಲುತ್ತದೆ. ಇಳಿಯುವಾಗ ಕೈಕೊಟ್ಟರೆ ಎಂಜಿನ್ನಿನ ತಡೆ ತಪ್ಪಿಹೋಗಿ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಆಗ ಪಣವಾಗುವುದು ಒಳಗೆ ಕುಳಿತವರ ಜೀವ.

ಪರಿಹಾರವೂ ಅದೇ ಸೂತ್ರದಲ್ಲಿದೆ. ಸ್ಪ್ರಿಂಗ್ ಬಲ ಹೆಚ್ಚಿಸಬಹುದು, ಆದರೆ ಪೆಡಲ್ ಗಟ್ಟಿಯಾಗುತ್ತದೆ. ಲೋಹ ಮತ್ತು ಸೆರಾಮಿಕ್ ಬೆರೆತ ಲೈನಿಂಗ್ ಹಾಕಿ ಘರ್ಷಣೆ ಹೆಚ್ಚಿಸಬಹುದು, ಆದರೆ ಗಾಡಿ ಜಗ್ಗುತ್ತ ಹೊರಡುತ್ತದೆ. ಎರಡು ಪ್ಲೇಟ್ ಇಟ್ಟು ಮುಖಗಳನ್ನು ನಾಲ್ಕಾಗಿಸಬಹುದು, ಆದರೆ ಜಾಗವೂ ಹಣವೂ ಬೇಕು. ಜಾಗವಿದ್ದರೆ ವ್ಯಾಸ ದೊಡ್ಡದು ಮಾಡುವುದೇ ಸಾಮಾನ್ಯವಾಗಿ ಒಳ್ಳೆಯ ದಾರಿ. ಯಾವುದನ್ನು ಆರಿಸಿದರೂ ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ಕ್ಲಚ್ಚಿನ ಸಾಮರ್ಥ್ಯ ಸಾಕಷ್ಟು ಹೆಚ್ಚಿರಬೇಕು. ಲೈನಿಂಗ್ ಬಿಸಿಯಾದಾಗ ಘರ್ಷಣೆ ಕುಗ್ಗುವುದನ್ನು ಮರೆಯಬಾರದು.

ಗೇರುಪೆಟ್ಟಿಗೆ: ಜೀಪಿನ ಹಳೆಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ ಸುಮಾರು 2.8. ಪೆಟ್ರೋಲ್ ಎಂಜಿನ್ನಿದ್ದಾಗ ಪೆಟ್ಟಿಗೆಯಿಂದ ಹೊರಡುತ್ತಿದ್ದುದು 434 ನ್ಯೂಟನ್-ಮೀಟರ್. ಡೀಸೆಲ್ ಬಂದ ಮೇಲೆ ಅದು ಸಾವಿರವನ್ನು ದಾಟುತ್ತದೆ. ಹಲ್ಲು, ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್, ಕ್ರೌನ್ ಪಿನಿಯನ್ ಎಲ್ಲಕ್ಕೂ ಈ ಹೆಚ್ಚಳ ತಟ್ಟುತ್ತದೆ. ಗಟ್ಟಿ ಕ್ಲಚ್ಚು ಹಾಕಿ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟರೆ, ಮೊದಲು ಜಾರಿ ಎಚ್ಚರಿಸುತ್ತಿದ್ದ ಭಾಗ ಹೋಗಿ ಮುರಿಯುವ ಭಾಗ ಮಾತ್ರ ಉಳಿಯುತ್ತದೆ.

ಕ್ರೌನ್ ಪಿನಿಯನ್: ಜೀಪಿನ ಆಕ್ಸಲ್ ಅನುಪಾತ 5.38. ಟೈರಿನ ಸುತ್ತಳತೆ 2.26 ಮೀಟರ್ ಎನ್ನಿ. ನೇರ ಗೇರಿನಲ್ಲಿ 4,000 ಸುತ್ತಿಗೆ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್. ಡೀಸೆಲ್ಲಿನ 2,300 ಸುತ್ತಿಗೆ ಬರೀ 58! ಎಂಜಿನ್ ಬಲವಾಯಿತು, ಗಾಡಿ ಕುಂಟಿತು. ಅನುಪಾತವನ್ನು 3.73ಕ್ಕೆ ಇಳಿಸಿದರೆ ವೇಗ 84ರ ಹತ್ತಿರ ಬರುತ್ತದೆ. ಅದರ ಜೊತೆಗೆ 0.75ರ ಓವರ್‌ಡ್ರೈವ್ ಗೇರ್ ಇದ್ದರೆ ಲೆಕ್ಕದಲ್ಲಿ 111. ಐದು ಗೇರಿನ ಪೆಟ್ಟಿಗೆಯನ್ನು ಕಸಿಗಾರರು ಹುಡುಕುವುದು ಇದಕ್ಕಾಗಿ.

ಲೆಕ್ಕಕ್ಕೆ ಸಿಗದ ನಡುಕ

ಟಾರ್ಕ್ ಒಂದೇ ಸಮನಾಗಿ ಬರುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿನಲ್ಲಿ ಎರಡು ಬಾರಿ ಗುದ್ದುತ್ತದೆ. 700 ಸುತ್ತಿನಲ್ಲಿ ಸುಮ್ಮನೆ ಓಡುವಾಗ ಸೆಕೆಂಡಿಗೆ ಸುಮಾರು 23 ಗುದ್ದು. ಈ ಆವೃತ್ತಿ ಗೇರು ಮತ್ತು ದಂಡಗಳ ಸಹಜ ಆವೃತ್ತಿಗೆ ಹೊಂದಿದರೆ ಅನುರಣನೆ ಉಂಟಾಗಿ ಪೆಟ್ಟಿಗೆ ಗಡಗಡ ಎನ್ನುತ್ತದೆ. ಕ್ಲಚ್ ಪ್ಲೇಟಿನ ನಡುವೆ ಸಣ್ಣ ಸ್ಪ್ರಿಂಗುಗಳನ್ನು ನೀವು ನೋಡಿರಬಹುದು. ಅವು ಇರುವುದು ಈ ಗುದ್ದನ್ನು ನುಂಗಲು. 1980ರ ದಶಕದ ನಡುವಿನಲ್ಲಿ ಬಂದ ಇಬ್ಭಾಗದ ಫ್ಲೈವೀಲ್ ಕೂಡ ಇದೇ ಕೆಲಸ ಮಾಡುತ್ತದೆ.

ನಡುಕ ಕಾರ್ಖಾನೆಯವರನ್ನೂ ಬಿಟ್ಟಿಲ್ಲ. 1989ರಿಂದ ಡಾಡ್ಜ್ ಪಿಕಪ್ ಟ್ರಕ್ಕುಗಳು ಕಮಿನ್ಸ್ 5.9 ಲೀಟರ್ ಡೀಸೆಲ್ಲಿನೊಡನೆ ಬಂದವು. 1994ರ ಮಾದರಿಯಿಂದ ಅವುಗಳಲ್ಲಿ ಬಳಸಿದ ಎನ್‌ವಿ 4500 ಗೇರುಪೆಟ್ಟಿಗೆ ಗಟ್ಟಿಮುಟ್ಟಾದುದೇ. ಆದರೂ ಡೀಸೆಲ್ಲಿನ ನಡುಕಕ್ಕೆ ಐದನೆಯ ಗೇರನ್ನು ಹಿಡಿದಿಡುವ ನಟ್ ಸಡಿಲವಾಗಿ ಆ ಗೇರು ತಪ್ಪಿಹೋಗುವ ದೋಷ ಮೆಕ್ಯಾನಿಕರಿಗೆಲ್ಲ ಪರಿಚಿತವಾಯಿತು. ಹಲ್ಲು ಮುರಿಯಲಿಲ್ಲ, ನಟ್ ಬಿಚ್ಚಿತು!

ಕೊನೆಗೆ ಜೋಡಣೆ. ಎಂಜಿನ್ ಒಂದು ಕಂಪನಿಯದು, ಪೆಟ್ಟಿಗೆ ಇನ್ನೊಂದರದು ಆದಾಗ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ದೊಡ್ಡ ಡೀಸೆಲ್ಲುಗಳಲ್ಲಿ ಎಸ್‌ಎಇ ಸಂಸ್ಥೆಯ ಪ್ರಮಾಣಗಳು ಈ ಕೆಲಸವನ್ನು ಹಗುರ ಮಾಡಿವೆ. ಅದರ 3ನೇ ಸಂಖ್ಯೆಯ ಫ್ಲೈವೀಲ್ ಹೌಸಿಂಗಿನ ಒಳವ್ಯಾಸ ಎಲ್ಲಿ ತಯಾರಾದರೂ 409.6 ಮಿಲಿಮೀಟರ್, 2ನೇ ಸಂಖ್ಯೆಯದು 447.7. ಪ್ಲೇಟ್ ಯಾವುದೇ ಇರಲಿ, ಕ್ರ್ಯಾಂಕ್ ದಂಡ ಮತ್ತು ಗೇರುಪೆಟ್ಟಿಗೆಯ ದಂಡ ಒಂದೇ ಗೆರೆಯಲ್ಲಿರಬೇಕು. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಓರೆಯನ್ನೂ ಡಯಲ್ ಗೇಜಿನಿಂದ ಅಳೆದು ತಿದ್ದುತ್ತಾರೆ. ತಿದ್ದದಿದ್ದರೆ ಬೇರಿಂಗ್ ಸವೆಯುತ್ತದೆ, ಕ್ಲಚ್ಚು ಬಿಡುವುದಿಲ್ಲ.

ನಮ್ಮಲ್ಲಿ ಎಂಜಿನ್ ಬದಲಿಸಲು, ಅದರಲ್ಲೂ ಇಂಧನವೇ ಬದಲಾಗುವಾಗ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಇದನ್ನು ಬರೀ ಕಾಗದದ ತೊಂದರೆ ಎಂದುಕೊಳ್ಳಬೇಡಿ. ಮೇಲಿನ ಲೆಕ್ಕಗಳನ್ನು ನೋಡಿದ ನಿಮಗೆ ಅದರ ಕಾರಣ ತಿಳಿದಿರುತ್ತದೆ.

ಶಿಕ್ಷಕರು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ಊರಿನ ಗ್ಯಾರೇಜಿನಿಂದ ಸವೆದ ಕ್ಲಚ್ ಪ್ಲೇಟೊಂದನ್ನು ತಂದು ಒಳವ್ಯಾಸ, ಹೊರವ್ಯಾಸಗಳನ್ನು ಅಳೆಯಿಸಿ. ಗುಣಾಂಕವನ್ನು 0.3 ಎಂದಿಟ್ಟುಕೊಂಡು, ಆ ವಾಹನದ ಗರಿಷ್ಠ ಟಾರ್ಕನ್ನು ಹೊರಲು ಸ್ಪ್ರಿಂಗ್ ಎಷ್ಟು ಬಲದಿಂದ ಒತ್ತಬೇಕೆಂದು ಮಕ್ಕಳೇ ಕಂಡುಹಿಡಿಯಲಿ. ಬಳಿಕ ಟಾರ್ಕನ್ನು ಎರಡರಷ್ಟು ಮಾಡಿ ಮತ್ತೆ ಲೆಕ್ಕ ಹಾಕಲಿ. ಹಳೆಯ ಕ್ಲಚ್ಚು ಹೊಸ ಎಂಜಿನ್ನನ್ನು ಒಪ್ಪುವುದೋ ಇಲ್ಲವೋ ಎಂಬುದನ್ನು ಆ ಪ್ಲೇಟೇ ಅವರಿಗೆ ಹೇಳುತ್ತದೆ.