ನೆಲಗಪ್ಪೆಯ ಮೊಟ್ಟೆ, ಲೋಳೆಯ ಲವಣ

ಕಪ್ಪೆಯ ಮೊಟ್ಟೆಯನ್ನು ಸುತ್ತಿದ ಲೋಳೆ ಬರೀ ಹೊದಿಕೆಯಲ್ಲ. ಅದಿಲ್ಲದೆ ಮೊಟ್ಟೆ ಫಲಿಸುವುದೇ ಕಷ್ಟ. ಬೆಂಗಳೂರಿನ ಯಲಹಂಕ, ಹೆಬ್ಬಾಳದ ಕಡೆ ಮಳೆ ಬಿದ್ದು ಕುಂಟೆ ತುಂಬಿದಾಗ ನೆಲಗಪ್ಪೆಗಳು ಕರಿಮಣಿ ಸರದಂತೆ ಮೊಟ್ಟೆ ಇಡುತ್ತವೆ. ಆ ಸರದ ಪಾರದರ್ಶಕ ಎಳೆಯೇ ಲೋಳೆ.

ಕಪ್ಪೆಯ ಮೊಟ್ಟೆ ಫಲಿಸುವ ಬಗೆಯ ಅಧ್ಯಯನಕ್ಕೆ ದೀರ್ಘ ಚರಿತ್ರೆಯಿದೆ. 18ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಸ್ಪಲಾಂಜಾನಿ ಗಂಡು ಕಪ್ಪೆಗಳಿಗೆ ಬಟ್ಟೆಯ ಚಡ್ಡಿ ತೊಡಿಸಿ, ವೀರ್ಯ ತಾಗದ ಮೊಟ್ಟೆ ಬೆಳೆಯದೆಂದು ತೋರಿಸಿದರು. ಎಂಥ ಸರಳ, ಎಷ್ಟು ಖಚಿತವಾದ ಪ್ರಯೋಗ! ಮುಂದೆ ಇನ್ನೊಂದು ಸಂಗತಿ ತಿಳಿಯಿತು: ಅಂಡನಾಳದಲ್ಲಿ ಇಳಿದು ಲೋಳೆ ಹಚ್ಚಿಸಿಕೊಂಡ ಮೊಟ್ಟೆ ಮಾತ್ರ ಸಹಜವಾಗಿ ಫಲಿಸುತ್ತದೆ, ಹೊಟ್ಟೆಯೊಳಗಿಂದ ನೇರ ತೆಗೆದದ್ದು ಫಲಿಸದು.

ಕಾರಣದ ಒಂದು ಮುಖ್ಯ ಭಾಗವನ್ನು ಜಪಾನಿನ ನೆಲಗಪ್ಪೆಯ ಮೇಲೆ ಕೆಲಸ ಮಾಡಿದ ವಿಜ್ಞಾನಿ ಕಾತಾಗಿರಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಲೋಳೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ತುಂಬಿರುತ್ತವೆ. ಫಲೀಕರಣಕ್ಕೆ ಅವು ಅಗತ್ಯ. ಮಳೆನೀರಿನಲ್ಲಿ ಲವಣ ಬಹಳ ಕಡಿಮೆ. ಹಾಗಾಗಿ ಮೊಟ್ಟೆ ತನಗೆ ಬೇಕಾದ ಖನಿಜವನ್ನು ತಾಯಿಯಿಂದಲೇ ಹೊತ್ತು ತರುತ್ತದೆ. ನೀರು ಹೀರಿ ಲೋಳೆ ಉಬ್ಬುತ್ತ ಹೋದಂತೆ ಅಯಾನುಗಳು ಹೊರಗೆ ಕರಗಿಹೋಗುತ್ತವೆ. ಗಂಡು ಹೆಣ್ಣನ್ನು ಬಿಗಿಯಾಗಿ ಅಪ್ಪಿ, ಮೊಟ್ಟೆ ಬೀಳುತ್ತಿರುವಾಗಲೇ ವೀರ್ಯ ಬಿಡುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಮಳೆನೀರನ್ನು ನಂಬಿದ್ದು ನೆಲಗಪ್ಪೆಯೊಂದೇ ಅಲ್ಲ. ಯಲಹಂಕದಾಚೆಯ ರಾಜಾನುಕುಂಟೆ ಬಳಿ ಸಿಕ್ಕ ಬಿಲ ತೋಡುವ ಕಪ್ಪೆಯನ್ನು 2020ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಸ್ಫೇರೋಥೀಕಾ ಬೆಂಗಳೂರು ಎಂದು ಹೆಸರಿಡಲಾಯಿತು. ಇಂಥ ಕಪ್ಪೆಗಳ ಸಂತಾನಕ್ಕೆ ಮಳೆಗಾಲದ ತಾತ್ಕಾಲಿಕ ನೀರೇ ಆಧಾರ. ಬಡಾವಣೆಗಳಿಗಾಗಿ ಮೊದಲು ಮುಚ್ಚಿಹೋಗುವುದೂ ಆ ಸಣ್ಣ ಹೊಂಡಗಳೇ.