ಬಾಲಂಗೋಚಿಯಿಲ್ಲದ ಪಟ: ಗುಜರಾತಿನ ಉತ್ತರಾಯಣದ ಕಥೆ

ನಾವು ವಾಸವಾಗಿರುವ ಬಡಾವಣೆ ಮಕರಪುರ. ನಾವು ಎಳ್ಳು ಬೀರುವ ಹಬ್ಬ ಮಕರ ಸಂಕ್ರಾಂತಿ. ಎರಡರ ನಡುವೆ ಇರುವುದು ಬರಿಯ ಹೆಸರಿನ ಸಾಮ್ಯವಷ್ಟೆ. ಆದರೂ ಸಂಕ್ರಾಂತಿಯ ದಿನ ವಡೋದರದ ಈ ತುದಿಯಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ, ಈ ಊರಿಗೂ ಆ ಹಬ್ಬಕ್ಕೂ ಏನೋ ನಂಟಿರಬೇಕೆಂದು ತೋರಿದರೆ ಆಶ್ಚರ್ಯವಿಲ್ಲ. ಜನವರಿ 14ರ ಬೆಳಗಾಯಿತೆಂದರೆ ಮನೆಗಳು ಬರಿದಾಗಿ ಮಾಳಿಗೆಗಳು ತುಂಬುತ್ತವೆ. ನಮ್ಮ ಮಕ್ಕಳು ಎಳ್ಳು-ಬೆಲ್ಲದ ತಟ್ಟೆ ಹಿಡಿದು ಹೊರಟರೆ ಕೆಳಗೆ ಬಾಗಿಲು ತೆರೆಯುವವರೇ ಇರುವುದಿಲ್ಲ; ತಟ್ಟೆಯನ್ನೂ ಮಾಳಿಗೆಗೇ ಒಯ್ಯಬೇಕಾಗುತ್ತದೆ. ಅಲ್ಲಿ ಊಂಧಿಯು, ಜಿಲೇಬಿ, ಚಿಕ್ಕಿಗಳ ನಡುವೆ ನಮ್ಮ ಸಕ್ಕರೆ ಅಚ್ಚಿಗೂ ಒಂದು ಸ್ಥಾನ ದೊರೆಯುತ್ತದೆ.

ಇದನ್ನು ಆಟವೆಂದು ಎಲ್ಲರೂ ಬಲ್ಲರು. ಇದು ಒಂದು ಕಲೆಯೂ ಹೌದು. ಅದರಲ್ಲೂ ನೋಡುವವನ ಕೈಯಿಂದಲೇ ಪೂರ್ಣವಾಗುವ ಸಾರ್ವಜನಿಕ ಕಲೆ. ಆ ದೃಷ್ಟಿಯಿಂದ ಈ ಹಬ್ಬದ ಹಿನ್ನೆಲೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲೆಯೆಂದರೆ ಅರಮನೆಯ ಒಳಗಿನ ವಸ್ತು ಎಂದು ತಿಳಿಯಲು ವಡೋದರದಲ್ಲಿ ಕಾರಣಗಳು ಬೇಕಷ್ಟಿವೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ರಾಜಾ ರವಿವರ್ಮರಿಂದ ಪೌರಾಣಿಕ ಚಿತ್ರಗಳನ್ನು ಬರೆಸಿದರು; 1890ರಲ್ಲಿ ಪೂರ್ಣಗೊಂಡ ಲಕ್ಷ್ಮೀವಿಲಾಸ ಅರಮನೆ ಅವರದೇ. ನಮ್ಮ ಮಕರಪುರದಲ್ಲೂ ಖಂಡೇರಾವ್ ಗಾಯಕವಾಡರ ಕಾಲದ ಅರಮನೆಯೊಂದಿದೆ. ಸ್ವಾತಂತ್ರ್ಯಾನಂತರ ಅದು ವಾಯುಪಡೆಯ ತರಬೇತಿ ಶಾಲೆಯ ವಶವಾಯಿತು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಡತಗಳೊಡನೆಯೇ ದಿನ ಕಳೆಯುವ ನಮ್ಮಂಥವರ ಕಣ್ಣಿಗೆ ಇಂಥವೇ ಬೀಳುತ್ತವೆ. 1934ರ ವಿಮಾನ ಕಾಯದೆಯಲ್ಲಿ ವಿಮಾನ ಎಂಬುದಕ್ಕೆ ಕೊಟ್ಟ ಅರ್ಥವಿವರಣೆಯಲ್ಲಿ ಬಲೂನು, ಗ್ಲೈಡರುಗಳ ಜೊತೆಗೆ ಗಾಳಿಪಟವನ್ನೂ ಸೇರಿಸಲಾಗಿತ್ತು! ಆ ಕಾಯದೆಯ ಜಾಗಕ್ಕೆ 2024ರಲ್ಲಿ ಹೊಸ ಕಾಯದೆ ಬಂದಿತು. ಅಂತೂ ಸುಮಾರು 90 ವರ್ಷಗಳ ಕಾಲ, ಸಂಕ್ರಾಂತಿಯ ದಿನ ಗುಜರಾತಿನ ಪ್ರತಿಯೊಂದು ಮಾಳಿಗೆಯೂ ಕಾನೂನಿನ ಮಾತಿನಲ್ಲಿ ಒಂದು ಪುಟ್ಟ ವಿಮಾನ ನಿಲ್ದಾಣವೇ ಆಗಿತ್ತು.

ಮೊದಲು ಹಬ್ಬದ ಹೆಸರನ್ನೇ ನೋಡೋಣ. ಗುಜರಾತಿಗಳು ಸಂಕ್ರಾಂತಿಯನ್ನು ಉತ್ತರಾಯಣ ಎಂದೇ ಕರೆಯುತ್ತಾರೆ. ಸೂರ್ಯ ನಿಜವಾಗಿ ಉತ್ತರದ ಕಡೆಗೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಗಳಿಗೆ ಒಂದು ಅಂಶದಷ್ಟು ವ್ಯತ್ಯಾಸ ಬೀಳುತ್ತದೆ. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಉತ್ತರಾಯಣದ ಆರಂಭವೂ ಒಂದೇ ದಿನ ಬರುತ್ತಿದ್ದವು. ಈಗ ನಡುವೆ ಮೂರು ವಾರಗಳಿಗೂ ಹೆಚ್ಚಿನ ಅಂತರವಿದೆ. ಆಕಾಶದ ಲೆಕ್ಕ ಸರಿದುಹೋದರೂ ಜನ ಹೆಸರನ್ನು ಬಿಟ್ಟಿಲ್ಲ.

ಕರ್ನಾಟಕದಿಂದ ಬಂದ ನಮಗೆ ಮೊದಲ ವರ್ಷ ವಿಚಿತ್ರವೆನಿಸುವುದು ಸಂಕ್ರಾಂತಿಯಲ್ಲಿ ಗಾಳಿಪಟ ಹಾರಿಸುವುದು. ಹಳೆಯ ಮೈಸೂರಿನ ಕಡೆಯವರಿಗೆ ಗಾಳಿಪಟವೆಂದರೆ ಆಷಾಢ. ದೊಡ್ಡಬಳ್ಳಾಪುರದಲ್ಲಿ ಇಂದಿಗೂ ಆಷಾಢದಲ್ಲೇ ಗಾಳಿಪಟದ ಉತ್ಸವ ನಡೆಯುತ್ತದೆ. ಇದಕ್ಕೆ ಕಾರಣ ಗಾಳಿಯ ಲೆಕ್ಕಾಚಾರ. ನೈಋತ್ಯ ಮಾರುತ ಪಶ್ಚಿಮಘಟ್ಟದಲ್ಲಿ ಮಳೆಯನ್ನು ಸುರಿಸಿ ಬಯಲುಸೀಮೆಗೆ ಬರುವಾಗ ತೇವ ಕಡಿಮೆಯಾಗಿ, ಬೀಸು ಮಾತ್ರ ಉಳಿದಿರುತ್ತದೆ. ಗುಜರಾತಿನಲ್ಲಿ ಅದೇ ತಿಂಗಳು ಮಳೆಗಾಲ. ಕಾಗದದ ಪಟಕ್ಕೆ ಉಳಿಗಾಲವಿಲ್ಲ. ಇಲ್ಲಿ ಚಳಿಗಾಲದಲ್ಲಿ ಉತ್ತರ-ಈಶಾನ್ಯ ದಿಕ್ಕಿನಿಂದ ಬರುವ ಒಣಗಾಳಿ, ಮೋಡವಿಲ್ಲದ ಆಕಾಶ. ಹಬ್ಬವು ಗಾಳಿಯನ್ನು ನೋಡಿಕೊಂಡೇ ತನ್ನ ಆಟವನ್ನು ಆರಿಸಿಕೊಂಡಿದೆ. ಇತ್ತೀಚಿನ ವರ್ಷಗಳಲ್ಲಿ ಬೆಳಗಾವಿಯಲ್ಲೂ ಜನವರಿ ತಿಂಗಳಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ನಡೆದಿರುವುದನ್ನು ಇಲ್ಲಿ ಹೇಳಬೇಕು.

ಹಾಗೆಂದು ನಮ್ಮಲ್ಲಿ ಚಳಿಗಾಲದ ಬಯಲು ಕಲೆ ಇಲ್ಲವೆಂದಲ್ಲ. ಧನುರ್ಮಾಸದ ನಸುಕಿನಲ್ಲಿ ನಮ್ಮ ಹೆಣ್ಣುಮಕ್ಕಳು ಬೀದಿಗೇ ಇಳಿದು ಹಾಕುವ ರಂಗವಲ್ಲಿ ಯಾವ ಚಿತ್ರಶಾಲೆಗೂ ಕಡಿಮೆಯದಲ್ಲ. ಅದನ್ನು ನೋಡಲು ಟಿಕೆಟ್ಟಿಲ್ಲ. ಹಾದುಹೋಗುವವರ ಕಾಲ್ತುಳಿತದಲ್ಲೇ ಅದು ಅಳಿಸಿ, ಮರುದಿನ ಹೊಸದಾಗಿ ಹುಟ್ಟುತ್ತದೆ. ಗಾಳಿಪಟದ ಗತಿಯೂ ಇದೇ. ಸಂಜೆಯ ಹೊತ್ತಿಗೆ ಮರಕ್ಕೋ ತಂತಿಗೋ ಸಿಕ್ಕು ಹರಿಯುವುದಕ್ಕೆಂದೇ ಅದನ್ನು ಅಷ್ಟು ಅಂದವಾಗಿ ಮಾಡಿರುತ್ತಾರೆ.

ಇನ್ನು ಪಟದ ರಚನೆಗೆ ಬರೋಣ. ನಮ್ಮೂರ ಪಟಕ್ಕೆ ಬಾಲಂಗೋಚಿ ಇರುತ್ತದೆ. ಗುಜರಾತಿನ ಪಟಕ್ಕೆ ಅದಿಲ್ಲ. ನೆಟ್ಟಗಿನ ಕಡ್ಡಿಯನ್ನು ಇಲ್ಲಿ ಢಡ್ಢೋ ಎಂದೂ, ಬಿಲ್ಲಿನಂತೆ ಬಾಗಿದ ಕಡ್ಡಿಯನ್ನು ಕಮಾನ್ ಎಂದೂ ಕರೆಯುತ್ತಾರೆ. ಬಾಲಂಗೋಚಿ ಗಾಳಿಯನ್ನು ತಡೆದು ಪಟವನ್ನು ಒಂದೇ ಕಡೆ ಸ್ಥಿರವಾಗಿ ನಿಲ್ಲಿಸುತ್ತದೆ. ದಾರವನ್ನು ಕಂಬಕ್ಕೆ ಕಟ್ಟಿಟ್ಟರೂ ಅದರಷ್ಟಕ್ಕೆ ಅದು ಆಡುತ್ತಿರುತ್ತದೆ. ಬಾಲವಿಲ್ಲದ ಪಟ ಹಾಗಲ್ಲ. ದಾರ ಸಡಿಲ ಬಿಟ್ಟರೆ ಅದು ಚಪ್ಪಟೆಯಾಗಿ, ನಿಂತಲ್ಲೇ ತಿರುಗತೊಡಗುತ್ತದೆ. ಎಳೆದೊಡನೆ ಕಮಾನು ಹಿಂದಕ್ಕೆ ಬಾಗಿ, ಆ ಕ್ಷಣದಲ್ಲಿ ಅದರ ಮೂತಿ ಯಾವ ಕಡೆಗಿದೆಯೋ ಆ ಕಡೆಗೆ ಬಾಣದಂತೆ ಓಡುತ್ತದೆ. ಅಂದರೆ, ಹಿಡಿದವನ ಕೈ ಇಲ್ಲದಿದ್ದರೆ ಈ ಪಟ ಒಂದು ನಿಮಿಷವೂ ನಿಲ್ಲಲಾರದು. ಮಾಡುವವನು ಬೇಕೆಂದೇ ಇದನ್ನು ಅಸ್ಥಿರವಾಗಿ ಮಾಡುತ್ತಾನೆ. ಉಳಿದ ಅರ್ಧವನ್ನು ಹಾರಿಸುವವನಿಗೆ ಬಿಡುತ್ತಾನೆ. ಅಂಗಡಿಯಿಂದ ತಂದ ಪಟಕ್ಕೆ ಸೂತ್ರ, ಇಲ್ಲಿನವರ ಮಾತಿನಲ್ಲಿ ಕಿನ್ನಾ, ಕಟ್ಟುವ ಕೆಲಸವೂ ಕೊಂಡವನದೇ. ಆದ್ದರಿಂದಲೇ ಹಬ್ಬದ ಹಿಂದಿನ ರಾತ್ರಿ ಮನೆಮನೆಯಲ್ಲೂ ಕಿನ್ನಾ ಕಟ್ಟುವ ಸಂಭ್ರಮ.

ಒಂದು ಪಟ ನಮ್ಮ ಕೈ ಸೇರುವ ಮೊದಲು ಅನೇಕರ ಕೈ ದಾಟಿರುತ್ತದೆ. ಒಂದು ಮನೆಯಲ್ಲಿ ಕಾಗದ ಕತ್ತರಿಸಿದರೆ ಇನ್ನೊಂದರಲ್ಲಿ ಬಿದಿರು ಸೀಳುತ್ತಾರೆ. ಮತ್ತೊಂದರಲ್ಲಿ ಅಂಚಿಗೆ ದಾರವಿಟ್ಟು ಅಂಟಿಸುತ್ತಾರೆ. ಅಹಮದಾಬಾದಿನ ಜಮಾಲಪುರದಂಥ ಕಡೆಗಳಲ್ಲಿ ತಲೆಮಾರುಗಳಿಂದ ಈ ಕಸುಬಿನಲ್ಲಿರುವವರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಹೆಂಗಸರ ದುಡಿಮೆಯೇ ಇದರಲ್ಲಿ ದೊಡ್ಡ ಪಾಲು. ಹಿಂದೂಗಳ ಸಂಕ್ರಮಣದ ಆಕಾಶಕ್ಕೆ ಬಣ್ಣ ತುಂಬುವವರು ಇವರು. ಖಂಭಾತದ ಪಟ, ಸೂರತ್ತಿನ ಮಾಂಜಾ ದೂರದವರೆಗೂ ಹೆಸರಾದವು. ಹಬ್ಬ ಹತ್ತಿರವಾದಂತೆ ರಸ್ತೆಯ ಪಕ್ಕದಲ್ಲಿ ಗೂಟ ನೆಟ್ಟು, ಉದ್ದಕ್ಕೂ ದಾರ ಹಾಯಿಸಿ, ಅನ್ನದ ಗಂಜಿ, ಗಾಜಿನ ಪುಡಿ, ಬಣ್ಣ ಇವುಗಳ ಮಿಶ್ರಣವನ್ನು ಸವರುತ್ತ ಹಿಂದಕ್ಕೂ ಮುಂದಕ್ಕೂ ನಡೆಯುವ ಕೆಲಸಗಾರರನ್ನು ನಾವೆಲ್ಲ ನೋಡಿದ್ದೇವೆ. ಬೆರಳುಗಳಿಗೆ ಪಟ್ಟಿ ಸುತ್ತಿಕೊಂಡಿದ್ದರೂ ಅವು ಗಾಯವಾಗದೆ ಉಳಿಯುವುದಿಲ್ಲ. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ವಿಷಯಕ್ಕೆ ಇದು ಬೇಕಾಗುತ್ತದೆ.

ಗಾಳಿಪಟದ ತವರು ಚೀನ. ಅಲ್ಲಿ ಅದರ ಚರಿತ್ರೆ ಎರಡು ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಮೊಗಲರ ಕಾಲದ ಚಿತ್ರಗಳಲ್ಲಿ ಗಾಳಿಪಟ ಕಾಣಿಸಿಕೊಂಡಿದೆ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯ ರೇಡಿಯೋ ಸಂಕೇತವನ್ನು ಹಿಡಿಯಲು ತಂತಿಯನ್ನು ಮೇಲಕ್ಕೆತ್ತಿದ್ದು ಗಾಳಿಪಟದಿಂದಲೇ. ನಮಗೆ ಹೆಚ್ಚು ಹತ್ತಿರದ ಪ್ರಸಂಗ 1928ರದು. ಲಖನೌಗೆ ಬಂದ ಸೈಮನ್ ಆಯೋಗಕ್ಕೆ ಕೈಸರ್‌ಬಾಗಿನಲ್ಲಿ ತಾಲ್ಲೂಕುದಾರರು ಸತ್ಕಾರವಿಟ್ಟರು. ಪೊಲೀಸರು ಸುತ್ತಲೂ ಕಾವಲು ಹಾಕಿದರು. ಬೀದಿಯಲ್ಲಿ ಕಾವಲಿಡಬಹುದು, ಆಕಾಶಕ್ಕೆ ಇಡಲಾದೀತೆ? ‘ಸೈಮನ್, ಹಿಂತಿರುಗು’ ಎಂದು ಬರೆದ ಪಟಗಳೂ ಬಲೂನುಗಳೂ ಅತಿಥಿಗಳ ನೆತ್ತಿಯ ಮೇಲೆ ತೇಲಿಬಂದವು. ಸಾರ್ವಜನಿಕ ಕಲೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಕಲೆ ಜನರ ಕೈಗೆ ಬರಬೇಕೆಂಬ ವಿಚಾರ ನಮ್ಮ ವಡೋದರದ ಕಲಾಶಾಲೆಯಲ್ಲೂ ಬೇರುಬಿಟ್ಟಿತು. 1949ರಲ್ಲಿ ಸ್ಥಾಪಿತವಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ 1960ರ ದಶಕದ ಆರಂಭದಿಂದ ಕಲಾಮೇಳಗಳು ಶುರುವಾದವು. ಅವುಗಳ ಜೀವಾಳವಾಗಿದ್ದವರಲ್ಲಿ ಕೆ. ಜಿ. ಸುಬ್ರಹ್ಮಣ್ಯನ್ ಮುಖ್ಯರು. 1924ರಲ್ಲಿ ಕೇರಳದಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, 1951ರಲ್ಲಿ ವಡೋದರಕ್ಕೆ ಬಂದವರು. ನಡುವೆ ಕೆಲವು ವರ್ಷ ಕೈಮಗ್ಗ ಮಂಡಳಿಯಲ್ಲಿದ್ದು ಹಿಂದಿರುಗಿದವರು. ಮೇಳಕ್ಕಾಗಿ ಅವರು ಮರದ ತುಂಡು, ತೊಗಲು, ಮಣಿ ಇಂಥ ಸಾಮಾನ್ಯ ವಸ್ತುಗಳಿಂದ ಆಟಿಕೆಗಳನ್ನು ಮಾಡಿದರು. ಗುರುಗಳೂ ಶಿಷ್ಯರೂ ಜೊತೆಗೂಡಿ ಗೊಂಬೆ, ಆಭರಣಗಳನ್ನು ಮಾಡಿ ಊರವರ ಮುಂದಿಟ್ಟರು. ಮುಟ್ಟಬೇಡಿ ಎಂಬ ಫಲಕದ ಜಾಗದಲ್ಲಿ, ಎತ್ತಿಕೊಂಡು ಆಡಿ ಎಂಬ ಆಹ್ವಾನ ಬಂದಿತು. 1963ರಲ್ಲಿ ಲಖನೌದ ರವೀಂದ್ರಾಲಯದ ಹೊರಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆಗಳಿಂದ ಬೃಹತ್ ಚಿತ್ರವನ್ನು ರಚಿಸಿದವರೂ ಇವರೇ. 2016ರಲ್ಲಿ ವಡೋದರದಲ್ಲೇ ತೀರಿಕೊಂಡರು. ಬೆಂಗಳೂರಿನ ಎನ್. ಪುಷ್ಪಮಾಲಾ, ರವಿಕುಮಾರ್ ಕಾಶಿ ಅವರಂಥ ಕನ್ನಡನಾಡಿನ ಕಲಾವಿದರೂ ಇದೇ ಶಾಲೆಯಲ್ಲಿ ಓದಿದವರೆಂಬುದು ನಮಗೆ ಅಭಿಮಾನದ ಸಂಗತಿ.

ಆಟಿಕೆಗೆ ಕಲಾಶಾಲೆಯಲ್ಲಿ ಮನ್ನಣೆ ಸಿಕ್ಕಂತೆ, ಗಾಳಿಪಟಕ್ಕೂ ವಸ್ತುಸಂಗ್ರಹಾಲಯದಲ್ಲಿ ಸ್ಥಾನ ಸಿಗಲು ಹೆಚ್ಚು ಕಾಲ ಬೇಕಾಗಲಿಲ್ಲ. ದಶಕಗಳ ಕಾಲ ಪಟಗಳನ್ನು ಕೂಡಿಟ್ಟ ಭಾನುಭಾಯಿ ಶಾಹ್ ತಮ್ಮ ಸಂಗ್ರಹವನ್ನು ಅಹಮದಾಬಾದ್ ನಗರಸಭೆಗೆ ಒಪ್ಪಿಸಿದರು. 1980ರ ದಶಕದಲ್ಲಿ ಪಾಲಡಿಯ ಸಂಸ್ಕಾರ ಕೇಂದ್ರದಲ್ಲಿ, ಅಂದರೆ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ರೂಪಿಸಿದ ಕಟ್ಟಡದಲ್ಲಿ, ಪಟಗಳಿಗೊಂದು ವಸ್ತುಸಂಗ್ರಹಾಲಯ ಏರ್ಪಟ್ಟಿತು. 1989ರಲ್ಲಿ ಅಹಮದಾಬಾದಿನಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ಆರಂಭವಾಯಿತು. ಮುಂದೆ ಅದು ಸಾಬರಮತಿಯ ದಂಡೆಗೆ ಬಂದಿತು. ವಡೋದರ, ಸೂರತ್ತುಗಳಲ್ಲೂ ಇಂಥ ಉತ್ಸವಗಳು ನಡೆದಿವೆ. ಒಂದೇ ದಾರದಲ್ಲಿ ನೂರಾರು ಪಟಗಳ ಸಾಲನ್ನು ಹಾರಿಸುವ ಅಹಮದಾಬಾದಿನ ರಸೂಲ್‌ಭಾಯಿ ರಹೀಂಭಾಯಿ ಅವರ ಹೆಸರು ಈ ಉತ್ಸವದಿಂದ ದೂರದೂರಕ್ಕೆ ತಿಳಿಯಿತು. ಆದರೂ ಅಲ್ಲಿ ಜನ ಪ್ರೇಕ್ಷಕರು. ಮಾಳಿಗೆಯ ಮೇಲೆ ಪ್ರೇಕ್ಷಕರೇ ಇಲ್ಲ. ದಾರ ಹಿಡಿದವನ ಹಿಂದೆ ಫಿರ್ಕಿ ಹಿಡಿದವರಿರುತ್ತಾರೆ, ‘ಕಾಯ್‌ಪೋ ಛೇ’ ಎಂದು ಕೂಗುವವರಿರುತ್ತಾರೆ. ಹೊಸದಾಗಿ ವರ್ಗವಾಗಿ ಬಂದು, ಗುಜರಾತಿಯ ಒಂದು ಅಕ್ಷರವೂ ಬಾರದ ಕನ್ನಡ ಕುಟುಂಬಕ್ಕೆ ನೆರೆಯವರು ಮೊದಲು ಕೊಡುವ ಕೆಲಸ ಈ ಫಿರ್ಕಿ ಹಿಡಿಯುವುದು. ಮೊದಲು ಕಲಿಸುವ ಮಾತೂ ಆ ಕೂಗೇ. ಮರುದಿನವನ್ನು ಅವರು ‘ವಾಸಿ’ ಎನ್ನುತ್ತಾರೆ, ತಂಗಳು ಉತ್ತರಾಯಣ. ನಮ್ಮ ಉತ್ತರ ಕರ್ನಾಟಕದವರು ಅದೇ ದಿನವನ್ನು ‘ಕರಿ’ ಎನ್ನುತ್ತಾರೆ. ಪಟ ಹಾರಿಸುವುದಂತೂ ಆ ದಿನವೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನು ಮರೆಮಾಚುವಂತಿಲ್ಲ. ಕಲೆಯನ್ನು ಜನರ ಕೈಗೆ ಕೊಟ್ಟರೆ ಆ ಕೈಯ ಗುಣವೂ ಕಲೆಗೆ ಅಂಟಿಕೊಳ್ಳುತ್ತದೆ. ಇನ್ನೊಬ್ಬರ ಪಟವನ್ನು ಕತ್ತರಿಸಲೆಂದು ಗಾಜಿನ ಪುಡಿ ಬಂತು. ಅದೂ ಸಾಲದೆ ನೈಲಾನ್ ದಾರ ಬಂತು. ಹತ್ತಿಯ ದಾರ ಜಗ್ಗಿದರೆ ಹರಿಯುತ್ತದೆ, ಮಣ್ಣಿನಲ್ಲಿ ಕೊಳೆಯುತ್ತದೆ. ನೈಲಾನ್ ಹರಿಯುವುದೂ ಇಲ್ಲ, ಕೊಳೆಯುವುದೂ ಇಲ್ಲ. ಸ್ಕೂಟರ್ ಸವಾರರ ಕೊರಳು ಕೊಯ್ದು ಪ್ರಾಣ ಹೋದ ಸುದ್ದಿಯಿಲ್ಲದೆ ಹಬ್ಬ ಮುಗಿಯುವುದು ಅಪರೂಪವಾಯಿತು. ಸ್ಕೂಟರಿನ ಮುಂದೆ ಕಮಾನಿನಂತೆ ಬಗ್ಗಿಸಿದ ತಂತಿಯನ್ನು ಸಿಕ್ಕಿಸಿಕೊಂಡು ಓಡಾಡುವುದು ಈ ಊರುಗಳ ಚಳಿಗಾಲದ ನೋಟವಾಯಿತು. ಪಾರಿವಾಳ, ಹದ್ದು, ಕೊಕ್ಕರೆಗಳಿಗೆ ಅಂಥ ತಂತಿಯೂ ಇಲ್ಲ. 2017ರ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಹಾಗೂ ಇತರ ಕೃತಕ ನೂಲಿನ ಮಾಂಜಾವನ್ನು ದೇಶಾದ್ಯಂತ ನಿಷೇಧಿಸಿತು. ಅದೇ ವರ್ಷ ಗುಜರಾತ್ ಸರ್ಕಾರ ಗಾಯಗೊಂಡ ಹಕ್ಕಿಗಳ ಶುಶ್ರೂಷೆಗಾಗಿ ‘ಕರುಣಾ ಅಭಿಯಾನ’ವನ್ನು ಆರಂಭಿಸಿತು. ನಿಷೇಧ ಬಂದ ಮೇಲೂ ಕದ್ದು ಮಾರುವವರಿದ್ದಾರೆ; ಕೊಳ್ಳುವವರಿರುವುದರಿಂದ ಮಾರುವವರಿದ್ದಾರೆ.

ಇಲ್ಲಿ ದೋಷ ಪಟದ್ದೂ ಅಲ್ಲ, ರಸ್ತೆಯ ಬದಿಯಲ್ಲಿ ಬೆರಳು ಕೊಯ್ದುಕೊಂಡು ದಾರಕ್ಕೆ ಬಣ್ಣ ಹಚ್ಚುವ ಬಡವನದೂ ಅಲ್ಲ. ಮಾಡಿದವನು ಅರ್ಧವನ್ನು ನಮಗೆ ಬಿಟ್ಟಿದ್ದಾನೆ. ಉಳಿದರ್ಧದ ಹೊಣೆ ಕೊಂಡು ಹಾರಿಸುವ ನಮ್ಮದು. ಗೆಲ್ಲಬೇಕೆಂಬ ಮಕ್ಕಳ ಹಟಕ್ಕೆ ಸೋತು, ಅಂಗಡಿಯವನು ಒಳಗಿನಿಂದ ತೆಗೆದುಕೊಡುವ ದಾರಕ್ಕೆ ನಾವು ಹಣ ಕೊಟ್ಟರೆ, ಎಳ್ಳು ಬೀರಿ ಒಳ್ಳೆಯ ಮಾತಾಡೋಣವೆಂದು ಹೇಳಿದ ಬಾಯಿಗೂ ಆ ಕೈಗೂ ಸಂಬಂಧವಿಲ್ಲದಂತಾಗುತ್ತದೆ.

ಸಂಘದ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಬರುವ ಸಂಕ್ರಾಂತಿಗೆ ಮಕ್ಕಳನ್ನು ಕೂಡಿಸಿ, ನಮ್ಮೂರ ಬಾಲಂಗೋಚಿಯ ಪಟವನ್ನು ಅವರ ಕೈಯಿಂದಲೇ ಮಾಡಿಸೋಣ. ಎರಡು ಬಿದಿರ ಕಡ್ಡಿ, ಒಂದು ಹಾಳೆ, ಮೈದಾ ಅಂಟು, ಹಳೆಯ ಸೀರೆಯ ಅಂಚು, ಬರಿಯ ಹತ್ತಿ ದಾರ ಸಾಕು. ಬೇಕಾದವರು ಅದರ ಮೇಲೆ ರಂಗವಲ್ಲಿಯ ಎಳೆಗಳನ್ನೂ ಬರೆಯಲಿ. ಹಕ್ಕಿಗಳು ಮೇವಿಗೆ ಹೊರಡುವ ಮುಂಜಾನೆಯನ್ನೂ, ಗೂಡಿಗೆ ಮರಳುವ ಸಂಜೆಯನ್ನೂ ಅವುಗಳಿಗೇ ಬಿಟ್ಟುಕೊಡೋಣ. ಹಬ್ಬ ಮುಗಿದ ಮೇಲೆ ಮರ, ತಂತಿ, ಮಾಳಿಗೆಗಳಲ್ಲಿ ಕೈಗೆಟಕುವ ದಾರವನ್ನೆಲ್ಲ ಸುತ್ತಿ ತೆಗೆಯೋಣ. ನೆರೆಯ ಮಾಳಿಗೆಯವರ ಗಾಜಿನ ದಾರಕ್ಕೆ ಸಿಕ್ಕು ನಮ್ಮ ಪಟ ಮೊದಲ ಹತ್ತು ನಿಮಿಷದಲ್ಲೇ ಕತ್ತರಿಸಿಹೋಗುವುದು ನಿಶ್ಚಯ. ಹೋಗಲಿ. ಕತ್ತರಿಸಿದವರೇ ಬಾಲವುಳ್ಳ ಆ ವಿಚಿತ್ರ ಪಟ ಎಲ್ಲಿಯದೆಂದು ಕೇಳಿಕೊಂಡು ಬರುತ್ತಾರೆ; ಆಗ ಎಳ್ಳು-ಬೆಲ್ಲದ ತಟ್ಟೆಯನ್ನು ಮುಂದಿಡಬಹುದು.