ಸಾಠ ಕಬರೂ ಮರಣದ ನಿಯತಕಾಲವೂ

ಮರಣವು ಸರ್ವರಿಗೂ ನಿಶ್ಚಿತವಾದದ್ದು. ಅದರ ಕಾಲವು ಮಾತ್ರ ಅಜ್ಞಾತವಾದದ್ದು. ಈ ಅಜ್ಞಾನವು ಮನಸ್ಸಿಗೆ ಭಯವನ್ನೀಯುವದೋ ಸಮಾಧಾನವನ್ನೀಯುವದೋ ಎಂಬದನ್ನು ಇಸ್ಲಾಂ ಶಾಸ್ತ್ರ, ವಿಜ್ಞಾನ ಇವೆರಡರ ದೃಷ್ಟಿಯಿಂದಲೂ, ಬಿಜಾಪುರದ ಎರಡು ವೃತ್ತಾಂತಗಳನ್ನು ಆಧರಿಸಿ ವಿಚಾರಿಸುವೆವು. 1997ರ ವರೆಗೆ ನಮ್ಮ ಬೀಳಗಿಯೂ ಬಿಜಾಪುರ ಜಿಲ್ಲೆಗೇ ಸೇರಿದ್ದುದರಿಂದ ಇವು ನಮಗೆ ನೆರೆಮನೆಯ ವೃತ್ತಾಂತಗಳು.

ಕುರಾನಿನ ಪ್ರಕಾರ ಪ್ರತಿಯೊಂದು ಜೀವಕ್ಕೂ ‘ಅಜಲ್’ ಎಂಬ ನಿಯತಕಾಲವಿರುವದು. ಆದರೆ ಯಾರು ಯಾವ ನೆಲದಲ್ಲಿ ಸಾಯುವರೆಂಬದು ದೇವರೊಬ್ಬನಿಗೇ ವಿದಿತ. ಮೃತನು ಪುನರುತ್ಥಾನದ ವರೆಗೆ ‘ಬರ್ಜಖ್’ ಎಂಬ ಅಂತರಾಲಸ್ಥಿತಿಯಲ್ಲಿರುವನು. ಬಂಧುಗಳ ಶೋಕಕ್ಕೆ ಮೂರು ದಿನ, ವಿಧವೆಗೆ ನಾಲ್ಕು ತಿಂಗಳು ಹತ್ತು ದಿನ ಎಂಬ ಮಿತಿಯೂ ಉಂಟು. ದುಃಖವನ್ನು ನಿಷೇಧಿಸದೆ ಅದಕ್ಕೊಂದು ಮೇರೆಯನ್ನು ಹಾಕಿರುವದು ಇಲ್ಲಿಯ ವಿಶೇಷ.

ಈಗ ಮೊದಲನೆಯ ವೃತ್ತಾಂತ. ಆದಿಲಶಾಹಿಯ ಸರದಾರನಾದ ಅಫಜಲಖಾನನು 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟಾಗ, ಅವನು ಮರಳಿ ಬಾರನೆಂದು ಜೋಯಿಸರು ನುಡಿದರೆಂದೂ, ಅದನ್ನು ನಂಬಿ ಅವನು ತನ್ನ ಹೆಂಡಿರನ್ನೆಲ್ಲ ಕೊಲ್ಲಿಸಿದನೆಂದೂ ಐತಿಹ್ಯವಿದೆ. ಅದೇ ವರ್ಷ ನವೆಂಬರ 10ರಂದು ಅವನು ಪ್ರತಾಪಗಡದ ಬಳಿಯಲ್ಲಿ ಹತನಾದನು. ಅವನ ಗೋರಿಯೂ ಅಲ್ಲಿಯೇ ಇದೆ. ಬಿಜಾಪುರದ ಪಶ್ಚಿಮಕ್ಕಿರುವ ಸಾಠ ಕಬರಿನಲ್ಲಿ 63 ಗೋರಿಗಳೂ ಒಂದು ಬರಿಯ ಕುಣಿಯೂ ಇರುವವು. ಸ್ತ್ರೀಯರ ಗೋರಿಗಳ ಲಕ್ಷಣವುಳ್ಳ ಇವುಗಳ ಆಕಾರವೂ ಒಂದೇ. ಏಕರೂಪತೆಯಿಂದ ಏಕಕಾಲತ್ವವನ್ನು ಊಹಿಸಬಹುದು. ಸಾವಿನ ಕಾರಣವನ್ನು ಕಲ್ಲು ಹೇಳಲಾರದು. ಐತಿಹ್ಯವನ್ನು ಐತಿಹ್ಯವೆಂದೇ ಹಿಡಿದರೂ ಅದರ ತಾತ್ಪರ್ಯವು ಗಮನಾರ್ಹವಾದದ್ದು. ಇಲ್ಲಿ ಕ್ರೌರ್ಯಕ್ಕೆ ಮೂಲವು ವಿಧಿಯ ಮೇಲಿನ ವಿಶ್ವಾಸವಲ್ಲ. ವಿಧಿಯು ತನಗೆ ತಿಳಿಯಿತೆಂಬ ಭ್ರಾಂತಿ. ಶಾಸ್ತ್ರವು ದೇವರಿಗೆ ಬಿಟ್ಟ ಜ್ಞಾನವನ್ನು ಮನುಷ್ಯನು ತನ್ನದೆಂದುಕೊಂಡನು. ತನಗಿನ್ನೂ ಬಾರದ ಮರಣವನ್ನು ಅನ್ಯರಿಗೆ ತಂದನು.

ಆಯುಸ್ಸು ನಿಯತವಾಗಿದ್ದರೆ ಔಷಧವೇಕೆ, ಎಚ್ಚರವೇಕೆ ಎಂದು ಪೂರ್ವಪಕ್ಷವುಂಟು. ಇದಕ್ಕೆ ಎರಡನೆಯ ವೃತ್ತಾಂತವನ್ನು ನೋಡಬೇಕು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾದ ಕೆಲವೇ ವರ್ಷಗಳಲ್ಲಿ ಅಲ್ಲಿ ಮಹಾಮಾರಿಯು ಹಬ್ಬಿ, ಬಾದಶಹನ ಬೇಗಮಳಾದ ಔರಂಗಾಬಾದಿ ಮಹಲಳೂ ಅದಕ್ಕೆ ತುತ್ತಾದಳು. ಇತಿಹಾಸಕಾರ ಖಾಫಿಖಾನನು ಹೇಳುವ ಕಂಕುಳು ತೊಡೆಸಂದುಗಳ ಗಡ್ಡೆ, ತೀವ್ರಜ್ವರ, ಕೆಂಗಣ್ಣು ಇವು ಪ್ಲೇಗಿನ ಲಕ್ಷಣಗಳೇ. ಇಂತಹ ವ್ಯಾಧಿಯ ವಿಷಯದಲ್ಲಿ ಹದೀಸಿನ ವಿಧಿಯು ಸ್ಪಷ್ಟವಾಗಿದೆ: ರೋಗವಿರುವ ನಾಡಿಗೆ ಹೋಗಕೂಡದು, ರೋಗ ಬಂದ ನಾಡಿನಿಂದ ಓಡಿಹೋಗಕೂಡದು. ಏಳನೆಯ ಶತಮಾನದಲ್ಲಿ ಸಿರಿಯಾದ ಮಾರಿಯ ಸುದ್ದಿ ಕೇಳಿ ಖಲೀಫ ಉಮರನು ದಾರಿಯಿಂದಲೇ ಹಿಂದಿರುಗಿದನು. ದೈವಾಜ್ಞೆಯಿಂದ ಓಡುವೆಯಾ ಎಂದು ಅಬೂ ಉಬೈದನು ಕೇಳಲು, ದೈವದ ಒಂದು ಆಜ್ಞೆಯಿಂದ ಇನ್ನೊಂದಕ್ಕೆ ಹೋಗುವೆನೆಂಬ ಅರ್ಥದ ಉತ್ತರವನ್ನು ಕೊಟ್ಟನು. ಪೂರ್ವಪಕ್ಷಕ್ಕೆ ಇದೇ ಸಮಾಧಾನ.

ವಿಜ್ಞಾನವು ಆ ವ್ಯಾಧಿಯ ಹೇತುವನ್ನೇ ಹುಡುಕಿತು. 1894ರಲ್ಲಿ ಯೆರ್ಸಿನ್ ಎಂಬವರು ಹಾಂಗಕಾಂಗದಲ್ಲಿ ಅದರ ಕ್ರಿಮಿಯನ್ನು ಗುರುತಿಸಿದರು. 1897ರಲ್ಲಿ ಹಾಫ್‌ಕಿನ್ ಎಂಬವರು ಮುಂಬಯಿಯಲ್ಲಿ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಸಿಮೊಂದ್ ಎಂಬವರು ಕರಾಚಿಯಲ್ಲಿ ಇಲಿಯ ಚಿಗಟವೇ ವಾಹಕವೆಂದು ಪ್ರಯೋಗದಿಂದ ತೋರಿಸಿದರು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಲಸಿಕೆ ಚುಚ್ಚಿಸಿಕೊಂಡರು. ಇಲಿ ಬಿದ್ದರೆ ಮನೆ ಬಿಟ್ಟು ಊರ ಹೊರಗಿನ ಗುಡಿಸಲನ್ನು ಸೇರುತ್ತಿದ್ದ ನಮ್ಮ ಹಿರಿಯರ ಭಯಕ್ಕೆ ಕಾರಣವು ತಿಳಿಯಿತು. ಕಾರಣ ತಿಳಿದ ಭಯವು ಉಪಾಯಕ್ಕೆ ದಾರಿಯಾಯಿತು.

ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ ಚಿಗಟದ ಜ್ಞಾನದಿಂದ ಸಾಂತ್ವನವಾಗುವದೆ? ಹದಿನೈದನೆಯ ಶತಮಾನದ ಕೈರೋವಿನ ಪಂಡಿತ ಇಬ್ನ್ ಹಜರನು ತನ್ನ ಹೆಣ್ಣುಮಕ್ಕಳನ್ನು ಪ್ಲೇಗಿಗೆ ಒಪ್ಪಿಸಿದವನು; ಆ ವ್ಯಾಧಿಯನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿದನು. ಪ್ಲೇಗಿನಿಂದ ಮೃತರಾದ ವಿಶ್ವಾಸಿಗಳಿಗೆ ಹುತಾತ್ಮರ ಪದವಿಯೆಂಬ ಹದೀಸು ಅಂತಹ ತಂದೆಗೆ ಆಧಾರ.

ಆದ್ದರಿಂದ ವಿಜ್ಞಾನವು ಮರಣದ ನಿಮಿತ್ತವನ್ನೂ ಶಾಸ್ತ್ರವು ಶೋಕದ ಆಶ್ರಯವನ್ನೂ ಹೇಳುವವೆಂದು ನಮ್ಮ ಅಭಿಪ್ರಾಯ. ವಿಷಯಭೇದವಿರುವಲ್ಲಿ ವಿರೋಧವಿಲ್ಲ. ಸಾವಿನ ದಿನವನ್ನು ಹೇಳಬಲ್ಲೆನೆಂಬ ಜೋಯಿಸನಿಗೆ ಮಾತ್ರ ಎರಡರ ಸಮ್ಮತಿಯೂ ಇಲ್ಲ. ಅವನ ಮಾತಿಗೆ ಕಿವಿಗೊಟ್ಟುದರ ಫಲವೇನೆಂಬದನ್ನು ಸಾಠ ಕಬರಿನ ಐತಿಹ್ಯವು ಹೇಳುತ್ತಿದೆ.